ರೋವರ್‌ಗಳು ಹುಡುಕಿಕೊಂಡು ಕುಳಿಗೇ ಯಾಕೆ ಹೋಗುತ್ತವೆ?

ಪ್ರಶ್ನೆ: ಮಂಗಳನ ಮೇಲೆ ಬೆಟ್ಟ, ಕಣಿವೆ, ಬಯಲು ಎಲ್ಲ ಇದೆ. ಹಾಗಿದ್ದೂ ರೋವರ್‌ಗಳನ್ನು ಯಾಕೆ ಮತ್ತೆ ಮತ್ತೆ ಕುಳಿಗಳಿಗೇ ಕಳಿಸುತ್ತಾರೆ? ಯಾರೂ ಕಾಲಿಡದ ಜಾಗದ ಫೋಟೊ ನೋಡಿ 'ಇಲ್ಲಿ ನೀರಿತ್ತು' ಅಂತ ಹೇಳಿದರೆ ಎಷ್ಟರ ಮಟ್ಟಿಗೆ ನಂಬಬೇಕು? ನಾನು ಬಿ.ಎಸ್‌ಸಿ. ಎರಡನೇ ವರ್ಷದಲ್ಲಿ ಭೂವಿಜ್ಞಾನ ಓದುತ್ತಿದ್ದೇನೆ. ಫೀಲ್ಡ್‌ನಲ್ಲಿ ಸುತ್ತಿಗೆ ಇಲ್ಲದೆ ನಮಗೆ ಒಂದು ಕಲ್ಲೂ ಅರ್ಥವಾಗುವುದಿಲ್ಲ. ಯಂತ್ರಕ್ಕೆ ಹೇಗೆ ಅರ್ಥವಾಗುತ್ತದೆ?

ಉತ್ತರ: ನಿಮ್ಮ ಪ್ರಶ್ನೆಯ ತಿರುಳು ಸುತ್ತಿಗೆಯ ಮಾತಿನಲ್ಲೇ ಇದೆ. ಅದಕ್ಕೆ ಬರುತ್ತೇನೆ. ಮೊದಲು ಕುಳಿಯ ವಿಷಯ.

ನಮ್ಮ ಕಸುಬಿಗೆ ಬೇಕಾದದ್ದು ಪದರ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಯಾವ ಪದರದ ಮೇಲೆ ಯಾವುದು ಕೂತಿದೆ ಅಂತ ಗೊತ್ತಾಗದಿದ್ದರೆ ಕಲ್ಲಿನ ಚರಿತ್ರೆ ಬರೆಯೋಕೆ ಆಗುವುದಿಲ್ಲ. ಇಲ್ಲಿ ನಮಗೆ ಹೊಳೆ ಕೊರೆದ ದಂಡೆ ಇದೆ, ರಸ್ತೆಗಾಗಿ ಕಡಿದ ಗುಡ್ಡ ಇದೆ, ಕಲ್ಲು ಕ್ವಾರಿ ಇದೆ. ಮಂಗಳನ ಬಯಲಿನಲ್ಲಿ ಇವು ಯಾವುವೂ ಇಲ್ಲ. ಕೊರೆಯೋಣ ಅಂದರೆ ಕ್ಯೂರಿಯಾಸಿಟಿ ರೋವರ್‌ನ ಡ್ರಿಲ್ ಇಳಿಯುವುದು ಹೆಚ್ಚೆಂದರೆ ಆರೂವರೆ ಸೆಂಟಿಮೀಟರ್. ಅದು ಕಲ್ಲಿನ ಚರ್ಮ ದಾಟುತ್ತದೆ, ಅಷ್ಟೇ.

ಉಲ್ಕೆ ಬಂದು ಅಪ್ಪಳಿಸಿ, ಕುಳಿ ತೋಡಿ, ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿರುತ್ತದೆ. ಬಾವಿ ತೋಡುವಾಗ ಗೋಡೆಯಲ್ಲಿ ಕೆಮ್ಮಣ್ಣು, ಅದರ ಕೆಳಗೆ ಜೇಡಿ, ಅದರ ಕೆಳಗೆ ಬಂಡೆ ಸಾಲಾಗಿ ಕಾಣುತ್ತವಲ್ಲ, ಕುಳಿಯ ಗೋಡೆಯೂ ಹಾಗೇ. ಸಣ್ಣ, ಹೊಸ ಕುಳಿಯ ಆಳ ಸುಮಾರಾಗಿ ಅದರ ಅಗಲದ ಐದರಲ್ಲೊಂದು ಭಾಗ ಇರುತ್ತದೆ. ನೂರು ಮೀಟರ್ ಅಗಲದ ಕುಳಿ ಸಿಕ್ಕರೆ ಇಪ್ಪತ್ತು ಮೀಟರ್ ಕೆಳಗಿನ ಕಲ್ಲನ್ನು ನೋಡಬಹುದು. ಕುಳಿ ದೊಡ್ಡದಾದಷ್ಟೂ ಇನ್ನೂ ಹಳೆಯ ಕಾಲಕ್ಕೆ ಇಳಿಯಬಹುದು. ಒಂದು ಎಚ್ಚರಿಕೆ ಬೇಕು. ಡಿಕ್ಕಿಯ ಹೊಡೆತಕ್ಕೆ ಅಂಚಿನ ಪದರಗಳು ಮಗುಚಿ ಬಿದ್ದಿರುತ್ತವೆ. ಅಲ್ಲಿ ಮೇಲಿರುವುದೇ ಹಳೆಯದಾಗಿರಬಹುದು. ಪಠ್ಯದ ನಿಯಮ ನಂಬಿ ಕುಳಿಯ ಅಂಚಿಗೆ ಹೋದವರು ತಲೆಕೆಳಗಾದ ಚರಿತ್ರೆ ಬರೆಯುತ್ತಾರೆ.

ದೊಡ್ಡ ಕುಳಿಗಳಿಗೆ ಇನ್ನೊಂದು ಗುಣ ಇದೆ. ಅವು ತಗ್ಗು ಜಾಗ. ನೀರು ಹರಿದಿದ್ದರೆ ಅಲ್ಲಿಗೆ ಬಂದು ನಿಂತಿರಬೇಕು, ಜೊತೆಗೆ ತಂದ ಮರಳು, ಜೇಡಿ ಅಲ್ಲೇ ತಂಗಿರಬೇಕು. ಗೇಲ್ ಮತ್ತು ಜೆಜೆರೊ ಕುಳಿಗಳನ್ನು ಆರಿಸಿದ್ದು ಇದಕ್ಕೇ. ಇಳಿಯೋಕೆ ಸಮತಟ್ಟು ಜಾಗವೂ ಬೇಕು. ಕ್ಯೂರಿಯಾಸಿಟಿಗೆ ಗುರುತು ಹಾಕಿದ್ದ ಜಾಗ 20 ಕಿ.ಮೀ. ಉದ್ದ, 7 ಕಿ.ಮೀ. ಅಗಲ. ಬೆಟ್ಟದ ಬದಿಯಲ್ಲಿ ಅಷ್ಟು ಸಮತಟ್ಟು ಜಾಗ ಎಲ್ಲಿ ಸಿಗಬೇಕು? ಗೇಲ್ ಕುಳಿಯ ತಳದಲ್ಲಿ ಅದು ಸಿಕ್ಕಿತು, ಪಕ್ಕದಲ್ಲೇ ಪದರಗಳ ಬೆಟ್ಟವೂ ಇತ್ತು.

ಈಗ 'ಬರೀ ಫೋಟೊ ನೋಡಿ' ಅನ್ನುವ ಮಾತು. ಇದಕ್ಕೆ ಆಪರ್ಚುನಿಟಿ ರೋವರ್‌ನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನಗೆ ಇದಕ್ಕಿಂತ ಒಳ್ಳೆಯ ಪಾಠ ಗೊತ್ತಿಲ್ಲ.

2004ರ ಜನವರಿಯಲ್ಲಿ ಅದು ಮೆರಿಡಿಯಾನಿ ಬಯಲಿಗೆ ಇಳಿಯಿತು. ಗುರಿ ಇದ್ದದ್ದು ಬಯಲಿಗೆ. ಗಾಳಿಚೀಲಗಳ ಮೇಲೆ ಪುಟಿದು ಉರುಳಿ, ಸುಮಾರು 22 ಮೀಟರ್ ಅಗಲದ ಈಗಲ್ ಅನ್ನುವ ಪುಟ್ಟ ಕುಳಿಯೊಳಗೆ ಹೋಗಿ ನಿಂತಿತು. ಕ್ಯಾಮೆರಾ ಕಣ್ಣು ಬಿಟ್ಟಾಗ ಎದುರಿಗೇ ತಿಳಿ ಬಣ್ಣದ, ಪದರ ಪದರವಾದ ಬಂಡೆಯ ಸಾಲು. ಎತ್ತರ ಮೊಣಕಾಲಿಗಿಂತ ಕಡಿಮೆ. ಆದರೆ ಅದು ಎಲ್ಲಿಂದಲೋ ಉರುಳಿ ಬಂದ ಕಲ್ಲಲ್ಲ, ಹುಟ್ಟಿದ ಜಾಗದಲ್ಲೇ ಇದ್ದ ಬಂಡೆ. ಅಲ್ಲಿಯವರೆಗೆ ಮಂಗಳನ ಮೇಲೆ ಅಂಥ ಪದರದ ಬಂಡೆಯನ್ನು ಅಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ.

ಮೆರಿಡಿಯಾನಿ ಬಯಲನ್ನು ಆರಿಸಲು ಕಾರಣ ಹೆಮಟೈಟ್. ನಮ್ಮ ಸಂಡೂರು, ಬಳ್ಳಾರಿಯ ಕಬ್ಬಿಣದ ಅದಿರಿನ ಮುಖ್ಯ ಖನಿಜವೇ ಅದು. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಕಕ್ಷೆಯಿಂದಲೇ ಅದನ್ನು ಗುರುತಿಸಿತ್ತು. ಹೆಮಟೈಟ್ ನೀರಿನಲ್ಲಿ ಹುಟ್ಟಬಹುದು, ನೀರಿಲ್ಲದೆಯೂ ಹುಟ್ಟಬಹುದು. ಹಾಗಾಗಿ ಇಳಿದು ನೋಡದೆ ಬೇರೆ ದಾರಿ ಇರಲಿಲ್ಲ.

ನೆಲದ ಮೇಲೆ ಸಣ್ಣ ಸಣ್ಣ ಗೋಲಿಗಳು ಚೆಲ್ಲಾಡಿದ್ದವು. ದೊಡ್ಡದೆಂದರೆ ಐದು ಮಿ.ಮೀ. ಆಸುಪಾಸು. ಕೆಲವು ಬಂಡೆಯಲ್ಲಿ ಅರ್ಧ ಹುದುಗಿದ್ದವು. ತಂಡದವರು ಅವನ್ನು ಬ್ಲೂಬೆರಿ ಅಂತ ಕರೆದರು. ಇವು ಏನು? ಜ್ವಾಲಾಮುಖಿ ಉಗುಳಿದ ಹನಿಗಳು ಗಾಳಿಯಲ್ಲೇ ಗಟ್ಟಿಯಾಗಿ ಬಿದ್ದಿರಬಹುದು. ಉಲ್ಕೆಯ ಹೊಡೆತಕ್ಕೆ ಕರಗಿದ ಕಲ್ಲಿನ ಹನಿಗಳಿರಬಹುದು. ಅಥವಾ ಬಂಡೆಯ ಸಂದಿನಲ್ಲಿ ನೆಲದಡಿಯ ನೀರು ಓಡಾಡಿ, ಕಬ್ಬಿಣ ಒಂದು ಚುಕ್ಕೆಯ ಸುತ್ತ ಗೂಡುಕಟ್ಟಿ ಬೆಳೆದ ಗಂಟುಗಳಿರಬಹುದು.

ಇಲ್ಲಿ ಫೋಟೊ ಉಪಯೋಗಕ್ಕೆ ಬಂತು. ಆಕಾಶದಿಂದ ಬಿದ್ದ ಹನಿಯಾಗಿದ್ದರೆ ಒಂದೇ ಪದರದಲ್ಲಿ ಗುಂಪಾಗಿ ಸಿಗಬೇಕು, ಯಾಕೆಂದರೆ ಒಂದು ದಿನ ಬಿದ್ದವು ಒಂದೇ ಪದರದಲ್ಲಿ ಕೂರುತ್ತವೆ. ಇವು ಹಾಗಿರಲಿಲ್ಲ. ಎಲ್ಲ ಪದರಗಳಲ್ಲೂ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಹರಡಿದ್ದವು. ಒಂದೆರಡು ಕಡೆ ಎರಡು ಗೋಲಿ ಅಂಟಿಕೊಂಡು ಜೋಡಿಯಾಗಿ ಬೆಳೆದಿದ್ದವು. ಇದು ಬಂಡೆಯ ಒಳಗೇ ಬೆಳೆದದ್ದರ ಲಕ್ಷಣ.

ಆದರೆ ಹೆಮಟೈಟ್ ಇರುವುದು ಗೋಲಿಯಲ್ಲೋ ಬಂಡೆಯಲ್ಲೋ? ಕಬ್ಬಿಣದ ಖನಿಜ ಯಾವುದು ಅಂತ ಹೇಳುವ ಉಪಕರಣ ಮೋಸ್‌ಬಾವರ್ ಸ್ಪೆಕ್ಟ್ರೋಮೀಟರ್. ಅದು ಒಮ್ಮೆಗೆ ನೋಡುವುದು ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದ ಜಾಗ. ಒಂದು ಗೋಲಿಯನ್ನು ಮಾತ್ರ ಬೇರೆ ಮಾಡಿ ನೋಡಲು ಅದಕ್ಕೆ ಆಗುವುದಿಲ್ಲ. ಆಗ ತಂಡ ಮಾಡಿದ ಉಪಾಯ ನನಗೆ ಬಹಳ ಇಷ್ಟ. ಬಂಡೆಯ ಮೇಲೆ ಗೋಲಿಗಳು ಉರುಳಿ ಬಂದು ತುಂಬಿಕೊಂಡಿದ್ದ ಒಂದು ಸಣ್ಣ ತಗ್ಗು ಸಿಕ್ಕಿತು. ಅದಕ್ಕೆ ಬೆರಿ ಬೌಲ್ ಅಂತ ಹೆಸರಿಟ್ಟರು. ಮೊದಲು ಗೋಲಿಗಳಿಲ್ಲದ ಬಂಡೆಯನ್ನು ಅಳೆದರು. ಆಮೇಲೆ ಅಲ್ಲೇ ಪಕ್ಕದಲ್ಲಿ ಗೋಲಿಗಳ ರಾಶಿಯನ್ನು ಅಳೆದರು. ಎರಡನ್ನೂ ಹೋಲಿಸಿದರೆ ಉತ್ತರ ಸಿಕ್ಕಿತು. ಹೆಮಟೈಟ್‌ನ ಗುರುತು ಗೋಲಿಗಳಲ್ಲಿ ಎದ್ದು ಕಾಣುತ್ತಿತ್ತು, ಬಂಡೆಯಲ್ಲಿ ಹಾಗಿರಲಿಲ್ಲ. ನೀವು ಲ್ಯಾಬಿನಲ್ಲಿ ಮಾಡುವ ಹೋಲಿಕೆಯ ಪ್ರಯೋಗವೇ ಇದು, ಅಲ್ವಾ?

ಅದೇ ಉಪಕರಣ ಬಂಡೆಯಲ್ಲಿ ಜರೋಸೈಟ್ ಅನ್ನುವ ಖನಿಜವನ್ನೂ ಹಿಡಿಯಿತು. ಜರೋಸೈಟ್‌ನ ಹರಳಿನ ರಚನೆಯೊಳಗೇ ಹೈಡ್ರಾಕ್ಸಿಲ್, ಅಂದರೆ ಆಮ್ಲಜನಕ ಮತ್ತು ಜಲಜನಕದ ಜೋಡಿ, ಸೇರಿಕೊಂಡಿರುತ್ತದೆ. ಆಮ್ಲದ ಗುಣವಿರುವ ನೀರು ಇಲ್ಲದೆ ಅದು ಹುಟ್ಟುವುದು ಕಷ್ಟ. ನಮ್ಮ ದೇಶದಲ್ಲೂ ಕಛ್‌ನ ಮಾತಾನೊ ಮಢದಲ್ಲಿ ಜರೋಸೈಟ್ ಇದೆ. ಮಂಗಳನನ್ನು ಅರ್ಥ ಮಾಡಿಕೊಳ್ಳಲು ನಮ್ಮ ವಿಜ್ಞಾನಿಗಳು ಅಲ್ಲಿಗೆ ಹೋಗಿ ಅಧ್ಯಯನ ಮಾಡಿದ್ದಾರೆ. ಮಂಗಳನ ಮೇಲೆ ಜರೋಸೈಟ್ ಇರಬಹುದು ಅಂತ ರೋಜರ್ ಬರ್ನ್ಸ್ ಅನ್ನುವ ಖನಿಜ ವಿಜ್ಞಾನಿ ಎಷ್ಟೋ ಮೊದಲೇ ಹೇಳಿದ್ದರು. ರೋವರ್ ಅದನ್ನು ಕಾಣುವ ಹೊತ್ತಿಗೆ ಅವರು ಬದುಕಿರಲಿಲ್ಲ. ಮುಂದೆ ಆ ಪದರಗಳಿಗೆ ಬರ್ನ್ಸ್ ಫಾರ್ಮೇಷನ್ ಅಂತಲೇ ಹೆಸರು ಬಂತು.

ಇದರ ಜೊತೆಗೆ ಬಂಡೆಯಲ್ಲಿ ಹರಳುಗಳು ಕರಗಿಹೋಗಿ ಬಿಟ್ಟ ಸಣ್ಣ ತೂತುಗಳಿದ್ದವು. ಹರಿಯುವ ನೀರಿನಡಿ ಮರಳು ಅಲೆಯಲೆಯಾಗಿ ಕೂತಾಗ ಬರುವಂಥ, ಕೆಲವೇ ಸೆಂಟಿಮೀಟರ್ ಅಗಲದ ಬಾಗಿದ ಗೆರೆಗಳಿದ್ದವು. ಹೀಗೆ ಗೋಲಿ ಒಂದು ಸಾಕ್ಷಿ, ಜರೋಸೈಟ್ ಇನ್ನೊಂದು, ತೂತು ಮತ್ತೊಂದು, ಗೆರೆ ಮಗದೊಂದು. ಒಂದೊಂದಕ್ಕೂ ನೀರಿಲ್ಲದ ವಿವರಣೆ ಹುಡುಕಬಹುದು. ಎಲ್ಲಕ್ಕೂ ಒಟ್ಟಿಗೆ ಹೊಂದುವ ವಿವರಣೆ ನೀರು. ನಿಮ್ಮ 'ನಂಬಬೇಕಾ' ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಒಂದೇ ಒಂದು ಫೋಟೊ ತೋರಿಸಿ ನೀರು ಅಂದರೆ ನಂಬಬೇಡಿ. ಬೇರೆ ಬೇರೆ ವಿಧಾನದ ಮೂರ್ನಾಲ್ಕು ಅಳತೆಗಳು ಒಂದೇ ಕಡೆ ಬೆರಳು ತೋರಿಸಿದರೆ ನಂಬಿ.

ಈಗಲ್ ಕುಳಿಯಲ್ಲಿ ಸಿಕ್ಕಿದ್ದು ಚರಿತ್ರೆಯ ಒಂದು ಪುಟ ಮಾತ್ರ. ಇನ್ನೂ ಕೆಳಗೆ ಏನಿದೆ ಅಂತ ನೋಡಲು ರೋವರ್ ಸುಮಾರು 130 ಮೀಟರ್ ಅಗಲದ ಎಂಡ್ಯೂರೆನ್ಸ್ ಕುಳಿಗೆ ಹೋಯಿತು. ಒಳಗಿಳಿದರೆ ಮತ್ತೆ ಮೇಲೆ ಬರಬಹುದಾ ಅನ್ನುವುದೇ ದೊಡ್ಡ ಚಿಂತೆ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕಲ್ಲು ಹಾಸಿದ ಇಳಿಜಾರು ಕಟ್ಟಿ, ಅದೇ ಮಾದರಿಯ ರೋವರನ್ನು ಹತ್ತಿಸಿ ಇಳಿಸಿ ನೋಡಿದರು. 2004ರ ಜೂನ್‌ನಲ್ಲಿ ಇಳಿದು, ಡಿಸೆಂಬರ್‌ನಲ್ಲಿ ಮೇಲೆ ಬಂತು. ಇಳಿಯುವಾಗ ಹೆಜ್ಜೆಗೊಂದು ಪದರದಂತೆ ಕಲ್ಲಿನ ಮೇಲ್ಮೈ ಉಜ್ಜಿ ಅಳೆಯುತ್ತಾ ಹೋಯಿತು. ಕೆಳಗೆ ಹೋದಂತೆ ಮೆಗ್ನೀಸಿಯಂ ಮತ್ತು ಗಂಧಕ ಕಡಿಮೆಯಾದವು, ಕ್ಲೋರಿನ್ ಜಾಸ್ತಿಯಾಯಿತು. ಅಂದರೆ ನೀರು ಒಂದು ಸಲ ಬಂದು ಹೋಗಿಲ್ಲ, ಉಪ್ಪನ್ನು ಕರಗಿಸಿ ಪದರದಿಂದ ಪದರಕ್ಕೆ ಸಾಗಿಸಿದೆ.

ಆ ಗೋಡೆ ಇನ್ನೊಂದು ವಿಷಯ ತಿದ್ದಿತು. ಈಗಲ್ ನೋಡಿದ ಮೇಲೆ ಅಲ್ಲಿ ಸಮುದ್ರವೇ ಇತ್ತೇನೋ ಅನ್ನುವ ಮಾತು ಹಬ್ಬಿತ್ತು. ಎಂಡ್ಯೂರೆನ್ಸ್‌ನ ಸುಮಾರು ಏಳು ಮೀಟರ್ ದಪ್ಪದ ಪದರಗಳಲ್ಲಿ ತಳದಲ್ಲಿ ಕಂಡದ್ದು ಗಾಳಿ ಪೇರಿಸಿದ ಮರಳು ದಿಬ್ಬಗಳು. ಅದರ ಮೇಲೆ ಮರಳಿನ ಹಾಸು. ತುದಿಯಲ್ಲಿ ಮಾತ್ರ ದಿಬ್ಬಗಳ ನಡುವಿನ ತಗ್ಗಿನಲ್ಲಿ ನಿಂತ ತೆಳು ನೀರಿನ ಗುರುತು. ಅದು ಮರುಭೂಮಿ. ಉಪ್ಪು, ಹುಳಿ ಬೆರೆತ ಅಂತರ್ಜಲ ಆಗಾಗ ಮೇಲಕ್ಕೆ ಉಕ್ಕಿ ಬರುತ್ತಿದ್ದ ಮರುಭೂಮಿ. 'ನೀರಿತ್ತು' ಅನ್ನುವ ಸುದ್ದಿ ಓದಿದಾಗ ಎಷ್ಟು ನೀರು, ಎಷ್ಟು ಕಾಲ, ಎಂಥ ನೀರು ಅಂತ ಕೇಳಬೇಕು. ಇದನ್ನು ಹೇಳಲು ಪದರಗಳ ಸಾಲು ಬೇಕೇ ಬೇಕು.

ಆಮೇಲೆ ಸುಮಾರು 750 ಮೀಟರ್ ಅಗಲದ ವಿಕ್ಟೋರಿಯಾ. ಅಲ್ಲೂ ಅದೇ ಕಥೆ ಮುಂದುವರಿಯಿತು. ಮರುಭೂಮಿ ಚಿಕ್ಕದಲ್ಲ ಅಂತ ಗೊತ್ತಾಯಿತು. ಕಥೆ ತಿರುಗಿದ್ದು 22 ಕಿ.ಮೀ. ಅಗಲದ ಎಂಡೆವರ್‌ನಲ್ಲಿ. 2008ರಲ್ಲಿ ವಿಕ್ಟೋರಿಯಾ ಬಿಟ್ಟ ರೋವರ್ 2011ರ ಆಗಸ್ಟ್‌ನಲ್ಲಿ ಎಂಡೆವರ್‌ನ ಅಂಚು ತಲುಪಿತು. ಅಲ್ಲಿನ ಬಂಡೆ ಬರ್ನ್ಸ್ ಪದರಗಳಿಗಿಂತ ಹಳೆಯದು. ಅಂಚಿನ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಅಗಲದ ಬಿಳಿ ಗೆರೆಯೊಂದು ಕಂಡಿತು. ಅದಕ್ಕೆ ಹೋಮ್‌ಸ್ಟೇಕ್ ಅಂತ ಹೆಸರು. ಅಳೆದರೆ ಕ್ಯಾಲ್ಸಿಯಂ ಮತ್ತು ಗಂಧಕ ಸಮಪ್ರಮಾಣದಲ್ಲಿ ಸಿಕ್ಕವು. ಜಿಪ್ಸಂ! ಬಂಡೆಯ ಬಿರುಕಿನಲ್ಲಿ ನೀರು ಹರಿದು ಬಿಟ್ಟುಹೋದ ಖನಿಜ. ಆ ನೀರು ಜರೋಸೈಟ್ ಕಾಲದ ನೀರಿನಷ್ಟು ಹುಳಿಯಾಗಿರಬೇಕಾಗಿಲ್ಲ. ಅಲ್ಲೇ ಮುಂದೆ ಮಾಟಿಯೆವಿಕ್ ಗುಡ್ಡದಲ್ಲಿ ಜೇಡಿ ಖನಿಜಗಳೂ ಸಿಕ್ಕವು. ಜೀವಕ್ಕೆ ಒಗ್ಗುವಂಥ ನೀರು ಹಳೆಯ ಕಾಲದ್ದು, ಹುಳಿ ನೀರು ಆಮೇಲಿನದು. ಸಣ್ಣ ಕುಳಿಯಿಂದ ದೊಡ್ಡ ಕುಳಿಗೆ ಹೋಗದೆ ಇದ್ದಿದ್ದರೆ ಈ ಸರದಿ ತಿಳಿಯುತ್ತಲೇ ಇರಲಿಲ್ಲ. 90 ದಿನದ ಕೆಲಸಕ್ಕೆ ಅಂತ ಹೋದ ಆ ರೋವರ್ 2018ರ ಜೂನ್‌ವರೆಗೆ ಮಾತಾಡುತ್ತಿತ್ತು, 45 ಕಿ.ಮೀ. ದಾಟಿ ಓಡಿತು.

ಅದರ ಜೋಡಿ ಸ್ಪಿರಿಟ್ ಇಳಿದ ಗೂಸೆವ್ ಕುಳಿಯ ಪಾಠ ಬೇರೆ. ಸುಮಾರು 160 ಕಿ.ಮೀ. ಅಗಲದ ಕುಳಿ, ಅದರೊಳಗೆ ಬಂದು ಸೇರುವ ದೊಡ್ಡ ಕಣಿವೆ. ಮೇಲಿನಿಂದ ನೋಡಿದವರಿಗೆ ಕೆರೆ ಇದ್ದೇ ಇರುತ್ತದೆ ಅನ್ನಿಸಿತ್ತು. ಇಳಿದು ನೋಡಿದರೆ ನೆಲ ಪೂರ್ತಿ ಬಸಾಲ್ಟ್. ವಿಜಯಪುರ, ಕಲಬುರಗಿ, ಬೀದರ್ ಕಡೆಯವರಿಗೆ ಪರಿಚಯವಿರುವ ಕರಿಕಲ್ಲಿನ ಜಾತಿಯದೇ. ಕೆರೆಯ ಹೂಳು ಇದ್ದಿದ್ದರೂ ಲಾವಾ ಅದನ್ನು ಮುಚ್ಚಿಹಾಕಿತ್ತು. ನೀರಿನ ಗುರುತಿಗೆ ರೋವರ್ ಬೆಟ್ಟಗಳ ತನಕ ಹೋಗಬೇಕಾಯಿತು. ಅಲ್ಲಿ 2007ರಲ್ಲಿ, ಕೆಟ್ಟು ನಿಂತಿದ್ದ ಮುಂದಿನ ಚಕ್ರ ಎಳೆದುಕೊಂಡು ಹೋಗುವಾಗ ಮಣ್ಣು ಕೆದರಿ ಬಿಳಿಯ ಪದಾರ್ಥ ಹೊರಬಿತ್ತು. ಅದರಲ್ಲಿ ಶೇಕಡಾ 90ರಷ್ಟು ಸಿಲಿಕಾ. ಬಿಸಿನೀರಿನ ಬುಗ್ಗೆಯಲ್ಲೋ ಜ್ವಾಲಾಮುಖಿಯ ಹಬೆಯಲ್ಲೋ ಹುಟ್ಟುವಂಥದ್ದು.

ಈಗ ನಿಮ್ಮ ಸುತ್ತಿಗೆ. ನಾವು ಕಲ್ಲು ಒಡೆಯುವುದು ಯಾಕೆ? ಹೊರಮೈ ಬಿಸಿಲು, ಗಾಳಿ, ಮಳೆಗೆ ಸಿಕ್ಕು ಕೆಟ್ಟಿರುತ್ತದೆ, ಒಳಗಿನ ತಾಜಾ ಮುಖ ನೋಡಬೇಕು ಅಂತ. ಮಂಗಳನ ಮೇಲೆ ಇದು ಇನ್ನೂ ಮುಖ್ಯ, ಯಾಕೆಂದರೆ ಎಲ್ಲ ಕಲ್ಲಿನ ಮೇಲೂ ಒಂದೇ ಕೆಂಪು ಧೂಳು ಕೂತಿರುತ್ತದೆ. ಧೂಳು ಅಳೆದರೆ ಎಲ್ಲ ಕಲ್ಲೂ ಒಂದೇ ಅನ್ನಿಸುತ್ತದೆ. ಆಪರ್ಚುನಿಟಿಗೆ ಇದ್ದದ್ದು ಉಜ್ಜುವ ಸಾಣೆ. ನಾಲ್ಕೂವರೆ ಸೆಂಟಿಮೀಟರ್ ಅಗಲ, ಅರ್ಧ ಸೆಂಟಿಮೀಟರ್ ಆಳಕ್ಕೆ ಕಲ್ಲನ್ನು ತೇಯುತ್ತಿತ್ತು. ಕ್ಯೂರಿಯಾಸಿಟಿಗೆ ಬ್ರಷ್ ಇದೆ, ಡ್ರಿಲ್ ಇದೆ, ಏಳು ಮೀಟರ್ ದೂರದಿಂದಲೇ ಕಲ್ಲಿನ ಚುಕ್ಕೆಯೊಂದನ್ನು ಆವಿ ಮಾಡಿ ಆ ಬೆಳಕಿನಿಂದ ಧಾತು ಗುರುತಿಸುವ ಲೇಸರ್ ಇದೆ. ಲೇಸರ್ ಹೊಡೆದಾಗ ಮೊದಲ ಕೆಲವು ಹೊಡೆತಕ್ಕೆ ಧೂಳು ಹಾರಿಹೋಗುತ್ತದೆ, ಆಮೇಲಿನ ಹೊಡೆತಗಳಿಗೆ ಕಲ್ಲು ಸಿಗುತ್ತದೆ. ಕೈಲೆನ್ಸ್ ಬದಲಿಗೆ ತೋಳಿನ ತುದಿಯಲ್ಲಿ ಕ್ಯಾಮೆರಾ. ಮರಳಿನ ಕಣಕ್ಕೂ ಹೂಳಿನ ಕಣಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಕಾಣುತ್ತದೆ. ಕೊರೆದ ಪುಡಿಯನ್ನು ಹೊಟ್ಟೆಯೊಳಗೆ ಹಾಕಿಕೊಂಡು ಎಕ್ಸ್-ರೇ ಹಾಯಿಸಿ ಖನಿಜದ ಹೆಸರು ಹೇಳುವ ಯಂತ್ರವೂ ಇದೆ. ಫೀಲ್ಡ್‌ನಲ್ಲಿ ನಿಮ್ಮ ಬಳಿಯಾಗಲಿ ನನ್ನ ಬಳಿಯಾಗಲಿ ಅದಿಲ್ಲ.

ಯಂತ್ರಕ್ಕೆ ಇಲ್ಲದ್ದು ವೇಗ. ಮಂಗಳನಿಗೆ ಸಂದೇಶ ಹೋಗಲು ಕೆಲವು ನಿಮಿಷದಿಂದ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಬೇಕು. ಕೀಲಿ ಕೈಯಲ್ಲಿ ಹಿಡಿದು ಓಡಿಸೋಕೆ ಆಗುವುದಿಲ್ಲ. ಇಲ್ಲಿ ಕೂತ ತಂಡ ಹಿಂದಿನ ದಿನದ ಚಿತ್ರ ನೋಡಿ, ಇವತ್ತು ಯಾವ ಕಲ್ಲು, ಯಾವ ಉಪಕರಣ, ಎಷ್ಟು ವಿದ್ಯುತ್ ಅಂತ ವಾದ ಮಾಡಿ, ಇಡೀ ದಿನದ ಆಜ್ಞೆಗಳನ್ನು ಒಟ್ಟಿಗೆ ಕಳಿಸುತ್ತದೆ. ಒಬ್ಬ ಅನುಭವಿ ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸುವ ಬಂಡೆಗೆ ರೋವರ್ ವಾರಗಳನ್ನೇ ಕೊಡಬೇಕಾಗಬಹುದು. ಕಲ್ಲು ಅರ್ಥವಾಗುವುದು ಯಂತ್ರಕ್ಕಲ್ಲ, ಆ ವಾದದಲ್ಲಿ ಕೂತವರಿಗೆ. ಯಂತ್ರ ಅವರ ಕಣ್ಣು, ಕೈ.

ಗೇಲ್ ಕುಳಿಯಲ್ಲಿ ಈ ಕ್ರಮ ಹೇಗೆ ನಡೆಯಿತು ನೋಡಿ. ಕ್ಯೂರಿಯಾಸಿಟಿ 2012ರ ಆಗಸ್ಟ್‌ನಲ್ಲಿ ಇಳಿಯಿತು. 154 ಕಿ.ಮೀ. ಅಗಲದ ಕುಳಿ, ನಡುವೆ ಸುಮಾರು ಐದು ಕಿ.ಮೀ. ಎತ್ತರದ ಮೌಂಟ್ ಶಾರ್ಪ್. ಕೆಲವೇ ವಾರಗಳಲ್ಲಿ ಕಂಡದ್ದು ಒಡೆದ ಕಾಂಕ್ರೀಟಿನಂಥ ಬಂಡೆ, ಅದರಲ್ಲಿ ನುಣುಪಾದ ಉರುಟು ಬೆಣಚು. ಕೆಲವು ನಾಲ್ಕು ಸೆಂಟಿಮೀಟರ್‌ವರೆಗೆ ಇದ್ದವು. ಅಷ್ಟು ದಪ್ಪ ಕಲ್ಲನ್ನು ಗಾಳಿ ಹೊತ್ತು ತರುವುದಿಲ್ಲ. ಉರುಟಾಗಬೇಕಾದರೆ ಉರುಳುತ್ತಾ ದೂರ ಬಂದಿರಬೇಕು. ಕಾಲಿನ ಗಿಣ್ಣಿನಿಂದ ಸೊಂಟದವರೆಗಿನ ಆಳದ ಹೊಳೆ ಹರಿದಿತ್ತು ಅಂತ ತಂಡ ಅಂದಾಜು ಮಾಡಿತು. ಹೊಳೆ ದಂಡೆಯಲ್ಲಿ ಬೆಣಚುಕಲ್ಲು ಹೆಕ್ಕಿದ ಯಾರಿಗಾದರೂ ಈ ವಾದ ಥಟ್ಟನೆ ಗೊತ್ತಾಗುತ್ತದೆ.

2013ರ ಫೆಬ್ರವರಿಯಲ್ಲಿ ಯೆಲ್ಲೋನೈಫ್ ಬೇ ಅನ್ನುವ ತಗ್ಗಿನಲ್ಲಿ ಮೊದಲ ಸಲ ಕೊರೆಯಿತು. ಹೊರಗೆ ಕೆಂಪಗಿದ್ದ ಕಲ್ಲಿನಿಂದ ಬೂದು ಬಣ್ಣದ ಪುಡಿ ಬಂತು! ನಾನು ಪಾಠದಲ್ಲಿ ಆ ಚಿತ್ರವನ್ನು ತಪ್ಪದೆ ತೋರಿಸುತ್ತೇನೆ. ಮಂಗಳನ ಕೆಂಪು ಬರೀ ಚರ್ಮದ ಬಣ್ಣ, ಒಳಗಿನ ಕಬ್ಬಿಣ ಪೂರ್ತಿ ತುಕ್ಕು ಹಿಡಿದಿಲ್ಲ. ಪುಡಿಯಲ್ಲಿ ಶೇಕಡಾ 20ರಷ್ಟು ಜೇಡಿ ಖನಿಜ ಇತ್ತು. ನುಣ್ಣನೆಯ ಕಣ, ಉಪ್ಪು ಕಡಿಮೆ, ಹುಳಿ ಇಲ್ಲ. ಕುಡಿಯಬಹುದಾದಂಥ ನೀರಿನ ಕೆರೆಯ ತಳ.

ಅಲ್ಲೇ ಪಕ್ಕದ ಕಂಬರ್‌ಲ್ಯಾಂಡ್ ಅನ್ನುವ ಕಲ್ಲಿನ ಪುಡಿ ಕಾಯಿಸಿ, ಹೊರಬಂದ ಅನಿಲಗಳನ್ನು ಅಳೆದು, ಬೇರೆ ಗ್ರಹದಲ್ಲಿ ಮೊದಲ ಬಾರಿಗೆ ಕಲ್ಲಿನ ವಯಸ್ಸು ಲೆಕ್ಕ ಹಾಕಿದರು. ಪೊಟ್ಯಾಸಿಯಂ ನಿಧಾನಕ್ಕೆ ಆರ್ಗಾನ್ ಆಗುವ ಲೆಕ್ಕ ನಿಮಗೆ ಗೊತ್ತೇ ಇದೆ. ಬಂದ ಉತ್ತರ ಸುಮಾರು 421 ಕೋಟಿ ವರ್ಷ, ಆಚೀಚೆ 35 ಕೋಟಿ. ಇದು ಕೆರೆಯ ವಯಸ್ಸಲ್ಲ, ಕೆರೆಗೆ ಹೂಳಾಗಿ ಬಂದ ಕಲ್ಲಿನ ಪುಡಿಯ ವಯಸ್ಸು. ಇನ್ನೂ ಸೊಗಸಾದದ್ದು ಎರಡನೇ ಲೆಕ್ಕ. ಬಾಹ್ಯಾಕಾಶದ ಕಿರಣಗಳು ಕಲ್ಲಿನ ಮೇಲ್ಭಾಗಕ್ಕೆ ಬಡಿದು ಕೆಲವು ಅಪರೂಪದ ಐಸೋಟೋಪ್‌ಗಳನ್ನು (ಒಂದೇ ಧಾತುವಿನ ಬೇರೆ ತೂಕದ ಪರಮಾಣುಗಳನ್ನು) ಹುಟ್ಟಿಸುತ್ತವೆ. ಅವುಗಳ ಪ್ರಮಾಣದಿಂದ ಈ ಕಲ್ಲು ಸುಮಾರು 8 ಕೋಟಿ ವರ್ಷ ಮಾತ್ರ ತೆರೆದಿದೆ ಅಂತ ತಿಳಿಯಿತು. ಪಕ್ಕದ ಸಣ್ಣ ಗೋಡೆಯನ್ನು ಗಾಳಿ ಸವೆಸುತ್ತಾ ಹಿಂದಕ್ಕೆ ಸರಿಸಿದೆ. ಜೀವದ ಸುಳಿವು ಕೊಡುವ ಇಂಗಾಲದ ಅಣುಗಳನ್ನು ಆ ಕಿರಣಗಳು ಹಾಳು ಮಾಡುತ್ತವೆ. ಹಾಗಾಗಿ ಇಂಥ ಸವೆಯುವ ಗೋಡೆಯ ಬುಡದಲ್ಲಿ ಕೊರೆಯಬೇಕು, ಅಲ್ಲಿ ಕಲ್ಲು ಹೊಸದಾಗಿ ತೆರೆದಿರುತ್ತದೆ. ಎಲ್ಲಿ ಕೊರೆಯಬೇಕು ಅನ್ನುವುದನ್ನೂ ಕಲ್ಲೇ ಹೇಳಿಕೊಟ್ಟಿತು. 2025ರಲ್ಲಿ ಇದೇ ಕಂಬರ್‌ಲ್ಯಾಂಡ್ ಪುಡಿಯಲ್ಲಿ ಹನ್ನೆರಡು ಇಂಗಾಲದ ಪರಮಾಣುಗಳವರೆಗಿನ ಉದ್ದದ ಸರಪಳಿ ಅಣುಗಳು ಸಿಕ್ಕಿದ್ದು ವರದಿಯಾಯಿತು. ಮಂಗಳನಲ್ಲಿ ಅಷ್ಟು ಉದ್ದದವು ಅದಕ್ಕೂ ಮೊದಲು ಸಿಕ್ಕಿರಲಿಲ್ಲ.

ಜಾಣತನಕ್ಕೆ ಇನ್ನೊಂದು ಉದಾಹರಣೆ ಕೊಡದೆ ಮುಂದೆ ಹೋಗಲು ಮನಸ್ಸಿಲ್ಲ. ರೋವರ್ ಎಷ್ಟು ವಾಲಿದೆ ಅಂತ ತಿಳಿಯಲು ಅದರೊಳಗೆ ಅಕ್ಸೆಲೆರೋಮೀಟರ್‌ಗಳಿವೆ. ನಮ್ಮ ಮೊಬೈಲ್‌ನಲ್ಲೂ ಇರುತ್ತವೆ. ಕೆವಿನ್ ಲೂಯಿಸ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು ರೋವರ್ ನಿಂತ ಹೊತ್ತಿನಲ್ಲಿ ಅವು ಕೊಟ್ಟ ಅಂಕಿಗಳನ್ನು ತೆಗೆದು, ಬೆಟ್ಟ ಹತ್ತಿದಂತೆ ಗುರುತ್ವ ಹೇಗೆ ಬದಲಾಯಿತು ಅಂತ ನೋಡಿದರು. ಅದರಿಂದ ಕಾಲಡಿಯ ಬಂಡೆಯ ಸಾಂದ್ರತೆ ಬಂತು. ಘನ ಮೀಟರಿಗೆ ಸುಮಾರು 1,680 ಕಿಲೋ. ಬಹಳ ಹಗುರ, ಸಂದು ಜಾಸ್ತಿ. ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಪದರ ಹೇರಿದ್ದರೆ ಅದು ಅದುಮಿ ಗಟ್ಟಿಯಾಗಿರಬೇಕಿತ್ತು. ಹಾಗಾಗಿ ಗೇಲ್ ಕುಳಿ ಒಂದು ಕಾಲದಲ್ಲಿ ಕಂಠಪೂರ್ತಿ ತುಂಬಿತ್ತು ಅನ್ನುವ ವಾದಕ್ಕೆ ಪೆಟ್ಟು ಬಿತ್ತು. 2019ರ ಈ ಕೆಲಸಕ್ಕೆ ಹೊಸ ಉಪಕರಣ ಏನೂ ಬೇಕಾಗಲಿಲ್ಲ. 2024ರ ಮೇ ತಿಂಗಳಲ್ಲಂತೂ ರೋವರ್‌ನ ಚಕ್ರವೇ ಸುತ್ತಿಗೆಯಾಯಿತು. ಅದು ಹತ್ತಿ ಇಳಿದ ಕಲ್ಲು ಪುಡಿಯಾಗಿ, ಒಳಗೆ ಹಳದಿ ಹರಳುಗಳು ಕಂಡವು. ಅಪ್ಪಟ ಗಂಧಕ. ಗಂಧಕ ಬೇರೆ ಧಾತುಗಳೊಂದಿಗೆ ಸೇರಿಕೊಂಡ ಲವಣಗಳು ಮಂಗಳನಲ್ಲಿ ಮೊದಲೇ ಗೊತ್ತಿದ್ದವು, ಶುದ್ಧ ಗಂಧಕ ಕಂಡದ್ದು ಅದೇ ಮೊದಲು.

ಇನ್ನು ಯಂತ್ರಕ್ಕೆ ಆಗದ್ದು. ಇದಕ್ಕೆ ಜೆಜೆರೊ ನೋಡಬೇಕು. 45 ಕಿ.ಮೀ. ಅಗಲದ ಕುಳಿ, ಪಶ್ಚಿಮದ ಅಂಚಿನಲ್ಲಿ ಹಳೆಯ ನದಿಯ ಮುಖಜಭೂಮಿ. ಪರ್ಸಿವರೆನ್ಸ್ ರೋವರ್ 2021ರ ಫೆಬ್ರವರಿಯಲ್ಲಿ ಇಳಿಯಿತು. ಕುಳಿಯ ತಳದಲ್ಲಿ ಕೆರೆಯ ಹೂಳು ಸಿಗಬಹುದು ಅಂತ ಹಲವರಿಗೆ ನಿರೀಕ್ಷೆ ಇತ್ತು. ಉಜ್ಜಿ ನೋಡಿದರೆ ಅಗ್ನಿಶಿಲೆ, ಕೆಲವು ಕಡೆ ಒಲಿವಿನ್ ಅನ್ನುವ ಖನಿಜದ ಹರಳುಗಳು ಒತ್ತೊತ್ತಾಗಿ ಸೇರಿದ ಕಲ್ಲು. ಮೊದಲ ಸಲ ಮಾದರಿ ತೆಗೆಯಲು ಹೋದಾಗ ಕಲ್ಲು ಪುಡಿಪುಡಿಯಾಗಿ ಕೊಳವೆ ಖಾಲಿ ಬಂತು. ಅದೂ ಒಂದು ಮಾಹಿತಿಯೇ, ಆ ಕಲ್ಲು ನೀರಿಗೆ ಸಿಕ್ಕು ಎಷ್ಟು ಶಿಥಿಲವಾಗಿದೆ ಅಂತ ಅದರಿಂದ ಊಹಿಸಬಹುದು.

2024ರ ಜುಲೈನಲ್ಲಿ ಕುಳಿಗೆ ನೀರು ತಂದಿದ್ದ ಹಳೆಯ ಕಣಿವೆಯಲ್ಲಿ ಚೆಯಾವಾ ಫಾಲ್ಸ್ ಅನ್ನುವ ಬಂಡೆ ಸಿಕ್ಕಿತು. ಉದ್ದ ಸುಮಾರು ಒಂದು ಮೀಟರ್. ಕೆಂಪು ಜೇಡಿಗಲ್ಲಿನ ಮೇಲೆ ಮಿ.ಮೀ. ಗಾತ್ರದ ತಿಳಿ ಚುಕ್ಕೆಗಳು, ಸುತ್ತ ಕಪ್ಪು ಅಂಚು. ಅದರಲ್ಲಿ ಇಂಗಾಲದ ಸಂಯುಕ್ತಗಳ ಸುಳಿವೂ ಇತ್ತು. ಆ ಚುಕ್ಕೆಗಳಲ್ಲಿರುವುದು ವಿವಿಯನೈಟ್ ಮತ್ತು ಗ್ರೈಗೈಟ್ ಅನ್ನುವ ಕಬ್ಬಿಣದ ಖನಿಜಗಳಿರಬಹುದು ಅಂತ 2025ರ ಸೆಪ್ಟೆಂಬರ್‌ನಲ್ಲಿ 'ನೇಚರ್'ನಲ್ಲಿ ಪ್ರಬಂಧ ಬಂತು. ಭೂಮಿಯ ಮೇಲೆ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಇಂಥ ಖನಿಜಗಳನ್ನು ಹುಟ್ಟಿಸುತ್ತವೆ. ಜೀವ ಇಲ್ಲದೆಯೂ, ಚೆನ್ನಾಗಿ ಬಿಸಿಯಾದರೆ, ಅವು ಹುಟ್ಟಬಹುದು. ಈ ಬಂಡೆ ಅಷ್ಟು ಬಿಸಿಯಾದ ಗುರುತು ಕಂಡಿಲ್ಲ. ಆದರೂ ಪ್ರಬಂಧ ಬರೆದವರು 'ಜೀವದ ಕುರುಹು ಇರಬಹುದು' ಅಂದರೇ ಹೊರತು ಜೀವ ಸಿಕ್ಕಿತು ಅನ್ನಲಿಲ್ಲ. ಸುದ್ದಿಯ ತಲೆಬರಹಗಳು ಆ ಸಂಯಮ ತೋರಿಸಲಿಲ್ಲ. ಇದು ಇತ್ಯರ್ಥವಾಗಬೇಕಾದರೆ ಕಲ್ಲನ್ನು ಕಾಗದಕ್ಕಿಂತ ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಗಂಧಕ ಮತ್ತು ಕಬ್ಬಿಣದ ಐಸೋಟೋಪ್ ಅಳೆಯಬೇಕು. ರೋವರ್ ಮೇಲೆ ಇದು ಆಗುವುದಿಲ್ಲ. ಬಂಡೆಯ ಚೂರು ಕೊಳವೆಯೊಳಗೆ ಭದ್ರವಾಗಿದೆ. ತರುವ ಯೋಜನೆ ಮಾತ್ರ ಖರ್ಚಿನ ಕಾರಣಕ್ಕೆ ಕಗ್ಗಂಟಾಗಿದೆ. ಅದು ಬಿಡಿಸಿಕೊಳ್ಳಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಇಷ್ಟು ಜತನದಿಂದ ಆರಿಸಿದ ಕಲ್ಲನ್ನು ಅಲ್ಲೇ ಬಿಡುವುದು ದೊಡ್ಡ ನಷ್ಟ.

ನಮ್ಮವರೂ ಈ ಕೆಲಸದ ರುಚಿ ನೋಡಿದ್ದಾರೆ. ಚಂದ್ರ ಗ್ರಹ ಅಲ್ಲ, ಆದರೂ ಹೇಳುತ್ತೇನೆ. 2023ರಲ್ಲಿ ಚಂದ್ರಯಾನ-3ರ ಪ್ರಗ್ಯಾನ್ ರೋವರ್ ಧಾತು ಗುರುತಿಸುವ ಇಂಥದೇ ಎರಡು ಉಪಕರಣ ಹೊತ್ತಿತ್ತು. ಅವುಗಳಲ್ಲಿ ಲೇಸರ್‌ನದು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ ಆದದ್ದು. ದಕ್ಷಿಣ ಧ್ರುವದ ಕಡೆಯ ಮಣ್ಣಿನಲ್ಲಿ ಗಂಧಕ ಇರುವುದನ್ನು ಅದು ಅಲ್ಲೇ ನಿಂತು ದೃಢಪಡಿಸಿತು. ದಾರಿಯಲ್ಲಿ ನಾಲ್ಕು ಮೀಟರ್ ಅಗಲದ ಕುಳಿ ಎದುರಾದಾಗ ಬೆಂಗಳೂರಿನಿಂದ ಆಜ್ಞೆ ಹೋಗಿ ರೋವರ್ ಹಿಂದೆ ತಿರುಗಿತು. ಆ ಗಾತ್ರದ ಯಂತ್ರಕ್ಕೆ ಕುಳಿ ಅಂದರೆ ಅಪಾಯ ಕೂಡ.

ನೀವು ವಿದ್ಯಾರ್ಥಿ ಆದ್ದರಿಂದ ಎರಡು ಕೆಲಸ ಹೇಳುತ್ತೇನೆ. ಸಾಧ್ಯವಾದರೆ ಮಹಾರಾಷ್ಟ್ರದ ಲೋನಾರ್‌ಗೆ ಹೋಗಿ. ಸುಮಾರು 1.8 ಕಿ.ಮೀ. ಅಗಲದ ಉಲ್ಕೆಯ ಕುಳಿ, ದಖನ್ನಿನ ಬಸಾಲ್ಟ್‌ನಲ್ಲೇ ಆದದ್ದು. ಬಸಾಲ್ಟ್‌ನಲ್ಲಿ ಆದ, ಇಷ್ಟು ಚೆನ್ನಾಗಿ ಉಳಿದ ಕುಳಿ ಭೂಮಿಯ ಮೇಲೆ ಅಪರೂಪ. ಮಂಗಳನ ಕುಳಿಗಳನ್ನು ಓದುವವರು ಅಲ್ಲಿಗೆ ಬರುವುದು ಅದಕ್ಕೇ. ಅಂಚಿನಲ್ಲಿ ಲಾವಾ ಪದರಗಳು ಮೇಲಕ್ಕೆ ಬಾಗಿರುವುದನ್ನು ಕಣ್ಣಾರೆ ನೋಡಿ, ವಾಲುವಿಕೆ ಅಳೆದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಇನ್ನೊಂದು, ನಾಸಾ ಕ್ಯೂರಿಯಾಸಿಟಿ ಮತ್ತು ಪರ್ಸಿವರೆನ್ಸ್ ಕಳಿಸುವ ಚಿತ್ರಗಳನ್ನು ತಿದ್ದದೆ ಎಲ್ಲರಿಗೂ ತೆರೆದಿಡುತ್ತದೆ. ದುಡ್ಡೂ ಬೇಡ, ಅನುಮತಿಯೂ ಬೇಡ. ಒಂದು ದಿನದ ಚಿತ್ರಗಳನ್ನು ತೆಗೆದುಕೊಳ್ಳಿ. ಸುದ್ದಿ ಏನು ಹೇಳಿತು ಅಂತ ಮೊದಲೇ ಓದಬೇಡಿ. ಪದರಗಳು ಯಾವ ಕಡೆ ವಾಲಿವೆ, ಗೆರೆಗಳು ಒಂದನ್ನೊಂದು ಎಲ್ಲಿ ಕತ್ತರಿಸಿವೆ, ಬಿಳಿ ಬಿರುಕು ಪದರವನ್ನು ಸೀಳಿದೆಯಾ ಅಥವಾ ಪದರದ ಜೊತೆಗೇ ಹೋಗಿದೆಯಾ, ಕಣ ನುಣುಪೋ ಒರಟೋ ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಆಮೇಲೆ ತಂಡ ಅದೇ ಬಂಡೆಯ ಬಗ್ಗೆ ಏನು ಬರೆದಿದೆ ಅಂತ ನೋಡಿ. ನಿಮ್ಮ ಚಿತ್ರಕ್ಕೂ ಅವರ ಮಾತಿಗೂ ಎಲ್ಲಿ ಹೊಂದುವುದಿಲ್ಲವೋ ಅದನ್ನು ನನಗೆ ಬರೆದು ಕಳಿಸಿ, ಆ ಬಂಡೆಯ ಬಗ್ಗೆಯೇ ಮುಂದಿನ ಸಲ ಮಾತಾಡೋಣ.